ನಡಾವಳಿ ಪುಸ್ತಕ ಯಾರ ಕೈಯಲ್ಲಿದೆ?

ಪ್ರಶ್ನೆ: ನನ್ನ ಇಬ್ಬರು ಮಕ್ಕಳು ದಾವಣಗೆರೆಯ ಒಂದು ಖಾಸಗಿ ಅನುದಾನರಹಿತ ಶಾಲೆಯಲ್ಲಿ ನಾಲ್ಕನೆಯ ಮತ್ತು ಏಳನೆಯ ತರಗತಿಯಲ್ಲಿ ಓದುತ್ತಿದ್ದಾರೆ. ಶಾಲೆಯಲ್ಲಿ ಪೋಷಕರ ಮತ್ತು ಶಿಕ್ಷಕರ ಸಂಘವೊಂದು ಇದೆ. ಅದರ ಅಧ್ಯಕ್ಷರನ್ನು ಆಡಳಿತ ಮಂಡಳಿಯೇ ಹೆಸರಿಸುತ್ತದೆ. ವರ್ಷಕ್ಕೆರಡು ಸಲ ನಮ್ಮನ್ನು ಕರೆದು, ಸಹಿ ಹಾಕಿಸಿಕೊಂಡು, ಚಹಾ ಕೊಟ್ಟು ಕಳಿಸುತ್ತಾರೆ. ನಾವು ನಲವತ್ತು ಮಂದಿ ಪೋಷಕರು ಸ್ವತಂತ್ರವಾದ ಒಂದು ಸಂಘ ಕಟ್ಟಿಕೊಳ್ಳಬೇಕೆಂದಿದ್ದೇವೆ. ಮುಖ್ಯೋಪಾಧ್ಯಾಯರು ‘ಈಗಾಗಲೇ ಒಂದು ಇದೆಯಲ್ಲ, ಇನ್ನೊಂದು ಯಾಕೆ?’ ಎನ್ನುತ್ತಾರೆ. ಮಕ್ಕಳ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಭಯ ನಮ್ಮ ಯಜಮಾನರಿಗೆ. ಹರಿಹರದ ಹತ್ತಿರದ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸದಸ್ಯೆಯಾಗಿರುವ ನನ್ನ ತಂಗಿ ‘ನಿಮಗಿಂತ ನಮಗೇ ಅಧಿಕಾರ ಜಾಸ್ತಿ’ ಎನ್ನುತ್ತಾಳೆ. ಇದು ನಿಜವೇ? ಸ್ವತಂತ್ರ ಸಂಘದಿಂದ ಪ್ರಯೋಜನವಿದೆಯೇ?
ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಂಗಿಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕಾಗದದ ಮಟ್ಟಿಗೆ ಅವರು ಹೇಳುತ್ತಿರುವುದು ಪೂರ್ತಿ ನಿಜ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕ ಸರ್ಕಾರ 2001ರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ರಚಿಸಲು ಆದೇಶ ಹೊರಡಿಸಿತು. ಅಲ್ಲಿಯವರೆಗೆ ಇದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಪ್ರಮುಖರಿಗೆ ಜಾಗವಿತ್ತೇ ಹೊರತು ಆ ಶಾಲೆಯಲ್ಲಿ ಮಗುವನ್ನು ಓದಿಸುತ್ತಿರುವ ತಾಯಿಗೆ ಇರಲೇಬೇಕೆಂದೇನೂ ಇರಲಿಲ್ಲ; ಹೊಸ ಸಮಿತಿಯಲ್ಲಿ ಪೋಷಕರೇ ಸೇರಿ ತಮ್ಮೊಳಗಿನಿಂದ ಸದಸ್ಯರನ್ನು ಆರಿಸುವ ಕ್ರಮ ಬಂತು. ಒಂಬತ್ತು ವರ್ಷದ ಮೇಲೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಇದಕ್ಕೆ ಇಡೀ ದೇಶದಲ್ಲಿ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ತಂದೆತಾಯಿಯರು ಅಥವಾ ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಕೆಲಸಕಾರ್ಯಗಳ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತೆಂದು ನೋಡುವುದು ಇವೆಲ್ಲ ಅದರ ಕೆಲಸ. ಆದರೆ ಅದೇ ಕಲಮು ಅನುದಾನರಹಿತ ಖಾಸಗಿ ಶಾಲೆಗಳನ್ನು ಈ ಕಟ್ಟುಪಾಡಿನಿಂದ ಹೊರಗಿಟ್ಟಿದೆ. ಹೀಗಾಗಿ, ಒಂದು ರೂಪಾಯಿ ಶುಲ್ಕವಿಲ್ಲದ ಹಳ್ಳಿಯ ಶಾಲೆಯಲ್ಲಿ ನಿಮ್ಮ ತಂಗಿ ಲೆಕ್ಕದ ಪುಸ್ತಕ ತೆಗೆಸಿ ನೋಡಬಲ್ಲರು. ವರ್ಷಕ್ಕೆ ಹತ್ತಾರು ಸಾವಿರ ಕಟ್ಟುವ ನೀವು ನೋಡಲಾರಿರಿ.

ಅಧಿಕಾರದ ಮಾತಾಯಿತು. ಸ್ವಾತಂತ್ರ್ಯದ ಮಾತು ಬೇರೆ. ನಿಮ್ಮ ತಂಗಿಯ ಸಮಿತಿ ಸರ್ಕಾರದ ಆದೇಶದಿಂದ ಹುಟ್ಟಿದ್ದು, ಹಾಗಾಗಿ ಸರ್ಕಾರದ ಇನ್ನೊಂದು ಸುತ್ತೋಲೆ ಅದರ ದಿಕ್ಕನ್ನೇ ತಿರುಗಿಸಬಹುದು. 2022ರ ಅಕ್ಟೋಬರ್‌ನಲ್ಲಿ ಹಾಗೆ ಆಗುವುದರಲ್ಲಿತ್ತು. ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿಯಂತೆ ದೇಣಿಗೆ ಪಡೆಯಬಹುದೆಂದು ಇಲಾಖೆ ಸುತ್ತೋಲೆ ಹೊರಡಿಸಿತು. ಎಲ್ಲೆಡೆ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ದುಡ್ಡು ಎಲ್ಲಿ ಹೋಯಿತೆಂದು ಸರ್ಕಾರವನ್ನು ಕೇಳಬೇಕಾದ ಸಮಿತಿಯನ್ನು ಪೋಷಕರ ಮನೆಬಾಗಿಲಿಗೆ ವಸೂಲಿಗೆ ಕಳಿಸುವುದು ಒಂದು ಹಾಳೆಯ ದೂರದಲ್ಲಿತ್ತು ಎಂಬುದನ್ನು ನಾನಂತೂ ಮರೆತಿಲ್ಲ. ಇನ್ನು ಅಧ್ಯಕ್ಷರ ಆಯ್ಕೆಯ ದಿನ ಊರಿನ ರಾಜಕೀಯದ ಎರಡು ಬಣಗಳು ಶಾಲೆಯ ಗೇಟಿನ ಹೊರಗೆ ನಿಂತಿರುವ ದೃಶ್ಯವನ್ನು ನಿಮ್ಮ ತಂಗಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಿಮ್ಮ ಪರಿಸ್ಥಿತಿ ಇದರ ತಿರುವುಮುರುವು. ನಿಮಗೆ ಅಧಿಕಾರವಿಲ್ಲ, ಸ್ವಾತಂತ್ರ್ಯವಿದೆ. ಸಂಘ ಕಟ್ಟಿಕೊಳ್ಳಲು ನೀವು ಮುಖ್ಯೋಪಾಧ್ಯಾಯರ ಅನುಮತಿ ಕೇಳಬೇಕಾಗಿಲ್ಲ. ಸಂವಿಧಾನದ 19ನೆಯ ವಿಧಿ ಆ ಹಕ್ಕನ್ನು ಪ್ರತಿ ನಾಗರಿಕನಿಗೂ ಕೊಟ್ಟಿದೆ. ಆದರೆ ನೀವು ಕಟ್ಟಿದ ಸಂಘದೊಡನೆ ಆಡಳಿತ ಮಂಡಳಿ ಮಾತಿಗೆ ಕೂರಲೇಬೇಕೆಂದು ಆ ವಿಧಿ ಹೇಳುವುದಿಲ್ಲ. ಆದ್ದರಿಂದ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಸಂಘ ಕಟ್ಟಬಹುದೇ ಎಂಬುದಲ್ಲ, ಶಾಲೆ ಅದನ್ನು ಕಡೆಗಣಿಸಲು ಆಗದಂತೆ ಹೇಗೆ ಕಟ್ಟುವುದು ಎಂಬುದು.

ಮುಖ್ಯೋಪಾಧ್ಯಾಯರು ಹೇಳುವ ‘ಈಗಾಗಲೇ ಇರುವ’ ಸಂಘ ಸಂಘವೇ ಎಂದು ತಿಳಿಯಲು ನಾನು ಹಿಂದೆ ಬಳಸುತ್ತಿದ್ದ ಉಪಾಯವೊಂದಿದೆ. ಇಲಾಖೆಯ ಕೆಲಸದಲ್ಲಿದ್ದಾಗ ಶಾಲೆಗಳ ತಪಾಸಣೆಗೆ ಹೋದರೆ, ಮೊದಲು ಸಂಘದ ನಡಾವಳಿ ಪುಸ್ತಕ ಕೇಳುತ್ತಿದ್ದೆ. ಒಂದು ಶಾಲೆಯಲ್ಲಿ (ಹೆಸರು ಬೇಡ) ಪುಸ್ತಕ ಬಹಳ ಅಚ್ಚುಕಟ್ಟಾಗಿತ್ತು. ನಾಲ್ಕು ಸಭೆಗಳ ನಡಾವಳಿ, ನಾಲ್ಕೂ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ. ‘ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು’ ಎಂಬ ವಾಕ್ಯ ಹದಿನಾರು ಕಡೆ. ಸಹಿಗಳ ಸಾಲಿನಲ್ಲಿ ನನಗೆ ಪರಿಚಯದ ಒಬ್ಬ ತಂದೆಯ ಸಹಿಯೂ ಇತ್ತು. ಆ ದಿನಾಂಕದಂದು ಅವರು ದುಬೈನಲ್ಲಿದ್ದರು, ಅದಕ್ಕೂ ಎರಡು ವರ್ಷ ಮೊದಲಿನಿಂದ ಅಲ್ಲೇ ಇದ್ದರು. ವಿಚಾರಿಸಿದಾಗ ಗುಮಾಸ್ತರು ಸ್ವಲ್ಪವೂ ಮುಜುಗರವಿಲ್ಲದೆ, ‘ಅವರ ಮಗನ ಹತ್ತಿರ ಮನೆಗೆ ಕಳಿಸಿದ್ದೆವು ಸರ್, ಅವರ ತಾಯಿ ಮಾಡಿಕೊಟ್ಟರು’ ಎಂದರು. ಇದರಲ್ಲಿ ಯಾರಿಗೂ ಮೋಸದ ಉದ್ದೇಶವಿರಲಿಲ್ಲ ಎಂದೇ ಈಗಲೂ ನಂಬುತ್ತೇನೆ. ಸಂಘವೆಂದರೆ ತಪಾಸಣೆಯ ದಿನ ತೋರಿಸುವ ಪುಸ್ತಕ ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ಅಷ್ಟೇ.

ಸಭೆಯನ್ನು ಯಾರು ಕರೆಯುತ್ತಾರೆ, ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಬೇಕೆಂದರೆ ಯಾರನ್ನು ಕೇಳಬೇಕು, ನಡಾವಳಿಯನ್ನು ಯಾರ ಕೈ ಬರೆಯುತ್ತದೆ, ಆ ಪುಸ್ತಕ ಯಾರ ಮನೆಯ ಅಥವಾ ಯಾರ ಕಚೇರಿಯ ಬೀರುವಿನಲ್ಲಿರುತ್ತದೆ ಎಂಬುದರಲ್ಲಿ ಸಂಘದ ಸ್ವಾತಂತ್ರ್ಯದ ಮುಕ್ಕಾಲು ಪಾಲು ಇದೆ. ಚುನಾವಣೆ ಆಮೇಲಿನ ಮಾತು. ಆಡಳಿತ ಮಂಡಳಿ ಹೆಸರಿಸಿದ ಅಧ್ಯಕ್ಷರೇ ಇದ್ದರೂ, ‘ಕುಡಿಯುವ ನೀರಿನ ಟ್ಯಾಂಕನ್ನು ಕೊನೆಯ ಬಾರಿ ಯಾವಾಗ ತೊಳೆಸಲಾಯಿತೆಂದು ಪೋಷಕರು ಕೇಳಿದರು, ಮುಂದಿನ ಸಭೆಯಲ್ಲಿ ತಿಳಿಸುವುದಾಗಿ ಮುಖ್ಯೋಪಾಧ್ಯಾಯರು ಹೇಳಿದರು’ ಎಂಬ ಎರಡು ಸಾಲು ಪುಸ್ತಕದಲ್ಲಿ ಸೇರುವಂತಿದ್ದರೆ ಆ ಸಂಘದಲ್ಲಿ ಜೀವವಿದೆ. ಎಲ್ಲ ನಿಯಮದಂತೆ ಚುನಾವಣೆ ನಡೆದೂ ಆ ಎರಡು ಸಾಲು ಸೇರದಿದ್ದರೆ ಜೀವವಿಲ್ಲ.

ಇನ್ನು ಪ್ರಯೋಜನದ ವಿಚಾರ. ಪೋಷಕರ ಸಂಘದ ಬಗ್ಗೆ ಮಾತಾಡುವವರೆಲ್ಲ ಸಾಮಾನ್ಯವಾಗಿ ಹೋರಾಟದ ಭಾಷೆಯಲ್ಲಿ ಮಾತಾಡುತ್ತಾರೆ. ಶಾಲೆಯ ಮೇಲೆ ಒತ್ತಡ ತರಬಹುದು ಎನ್ನುತ್ತಾರೆ. ನನ್ನ ಅನುಭವದಲ್ಲಿ ಒತ್ತಡಕ್ಕಿಂತ ಮೊದಲು ಬರುವುದು ತಿಳಿವಳಿಕೆ. ಒಬ್ಬ ತಾಯಿಗೆ ತನ್ನ ಮಗು ಗೊತ್ತು, ಒಬ್ಬ ಶಿಕ್ಷಕಿಗೆ ತನ್ನ ತರಗತಿ ಗೊತ್ತು. ಇವೆರಡರ ನಡುವೆ ಬೀಳುವ ಸಂಗತಿಗಳು ಯಾರಿಗೂ ಗೊತ್ತಿರುವುದಿಲ್ಲ. ಶಾಲಾ ಚೀಲದ ವಿಷಯವನ್ನೇ ತೆಗೆದುಕೊಳ್ಳಿ. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿ, 2023ರಲ್ಲಿ ಮತ್ತೆ ನೆನಪಿಸಿದ ಸುತ್ತೋಲೆಯ ಪ್ರಕಾರ ಒಂದು ಮತ್ತು ಎರಡನೆಯ ತರಗತಿಯ ಮಗುವಿನ ಚೀಲ ಒಂದೂವರೆಯಿಂದ 2 ಕೆ.ಜಿ., ಮೂರರಿಂದ ಐದಕ್ಕೆ 2ರಿಂದ 3 ಕೆ.ಜಿ., ಆರರಿಂದ ಎಂಟಕ್ಕೆ 3ರಿಂದ 4 ಕೆ.ಜಿ., ಒಂಬತ್ತು ಮತ್ತು ಹತ್ತಕ್ಕೆ 4ರಿಂದ 5 ಕೆ.ಜಿ. ಇರಬೇಕು, ತಿಂಗಳ ಮೂರನೆಯ ಶನಿವಾರ ಚೀಲವೇ ಇಲ್ಲದ ಸಂಭ್ರಮ ಶನಿವಾರವಾಗಬೇಕು. ಈ ಸುತ್ತೋಲೆ ಬಹುತೇಕ ಶಾಲೆಗಳ ಫೈಲಿನಲ್ಲಿದೆ. ಅದನ್ನು ತಕ್ಕಡಿಗೆ ಹಾಕಿ ನೋಡಿದವರು ಎಷ್ಟು ಮಂದಿ?

ನನಗೆ ಗೊತ್ತಿರುವ ಒಂದು ಖಾಸಗಿ ಶಾಲೆಯಲ್ಲಿ ನೋಡಿದರು. ನಾಲ್ವರು ತಾಯಂದಿರು, ಗ್ಯಾಸ್ ಸಿಲಿಂಡರ್ ತೂಗುವ ಕೊಕ್ಕೆಯ ತಕ್ಕಡಿಯೊಂದನ್ನು ತಂದು, ಒಂದು ವಾರ ಬೆಳಿಗ್ಗೆ ಗೇಟಿನ ಹತ್ತಿರ ನಾಲ್ಕನೆಯ ತರಗತಿಯ ಚೀಲಗಳನ್ನು ತೂಗಿ ಬರೆದುಕೊಂಡರು. ಮಕ್ಕಳಿಗೆ ಅದೊಂದು ಆಟವೇ ಆಯಿತು, ತಮ್ಮದೇ ಹೆಚ್ಚು ಎಂದು ಪೈಪೋಟಿ. ಹೆಚ್ಚಿನ ಚೀಲಗಳು 5 ಕೆ.ಜಿ. ದಾಟಿದ್ದವು. ಶಾಲೆ ಪುಸ್ತಕಗಳನ್ನು ಹೇರುತ್ತಿದೆ ಎಂದು ಪೋಷಕರು, ವೇಳಾಪಟ್ಟಿ ನೋಡದೆ ಮನೆಯವರೇ ಎಲ್ಲವನ್ನೂ ತುಂಬಿ ಕಳಿಸುತ್ತಾರೆ ಎಂದು ಶಿಕ್ಷಕರು ವರ್ಷಗಳಿಂದ ಒಬ್ಬರನ್ನೊಬ್ಬರು ದೂರುತ್ತಿದ್ದರು. ಚೀಲ ಬಿಚ್ಚಿ ಒಂದೊಂದನ್ನೇ ತೂಗಿದಾಗ ಕಂಡದ್ದೇ ಬೇರೆ. ಪಠ್ಯಪುಸ್ತಕಗಳ ತೂಕ ಎಲ್ಲರೂ ಅಂದುಕೊಂಡಷ್ಟು ಇರಲಿಲ್ಲ; ಒಂದು ಲೀಟರಿನ ಎರಡು ನೀರಿನ ಬಾಟಲಿಗಳೇ 2 ಕೆ.ಜಿ.ಗಿಂತ ಹೆಚ್ಚು ತೂಗುತ್ತಿದ್ದವು. ಎರಡು ಬಾಟಲಿ ಏಕೆಂದರೆ ಶಾಲೆಯ ಫಿಲ್ಟರ್ ನೀರಿಗೆ ವಾಸನೆ ಬರುತ್ತದೆಂದು ಮಕ್ಕಳು ಮನೆಯಲ್ಲಿ ಹೇಳಿದ್ದರು, ತಾಯಂದಿರು ಯಾರೂ ಶಾಲೆಗೆ ಹೇಳಿರಲಿಲ್ಲ. ‘ಇಷ್ಟು ಸಣ್ಣ ವಿಷಯಕ್ಕೆ ಒಬ್ಬಳೇ ಹೋಗಿ ಹೇಗೆ ಕೇಳುವುದು’ ಎಂದು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಸುಮ್ಮನಿದ್ದರು. ಫಿಲ್ಟರಿನ ಕ್ಯಾಂಡಲ್ ಬದಲಾಯಿತು, ವಾರಕ್ಕೊಮ್ಮೆ ಅದನ್ನು ತೊಳೆದ ದಿನಾಂಕ ಬರೆಯುವ ಕಾರ್ಡೊಂದನ್ನು ಅಲ್ಲೇ ನೇತುಹಾಕಿದರು, ನೋಟ್‌ಬುಕ್ಕುಗಳಿಗೆ ತರಗತಿಯಲ್ಲೇ ಒಂದು ಕಪಾಟು ಬಂತು. ಒಂದು ಘೋಷಣೆ ಕೂಗಬೇಕಾಗಿ ಬರಲಿಲ್ಲ. ಒಬ್ಬ ಪೋಷಕರೋ ಒಬ್ಬ ಶಿಕ್ಷಕರೋ ಒಂಟಿಯಾಗಿ ಎಂದೂ ಕಂಡುಹಿಡಿಯಲಾಗದ ಸಂಗತಿ ಅದು, ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನೀವು ನಲವತ್ತು ಮಂದಿ ‘ಪೋಷಕರ ಸಂಘ’ ಎಂದು ಬರೆದಿದ್ದೀರಿ. ಶಿಕ್ಷಕರ ಮಾತೇ ಇಲ್ಲ. ಇಲ್ಲಿ ನಿಮ್ಮೊಡನೆ ನನ್ನ ಭಿನ್ನಾಭಿಪ್ರಾಯವಿದೆ. ಶಿಕ್ಷಕರಿಲ್ಲದ ಸಂಘ ಬಹುಬೇಗ ದೂರುಗಳ ಕಟ್ಟಾಗುತ್ತದೆ, ಆ ದೂರುಗಳಲ್ಲಿ ಬಹುಪಾಲು ಶಿಕ್ಷಕರ ಮೇಲೆಯೇ ಇರುತ್ತವೆ. ಖಾಸಗಿ ಶಾಲೆಯ ಶಿಕ್ಷಕಿಯ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಅನೇಕ ಕಡೆ ಆಕೆಯ ನೇಮಕಾತಿ ಜೂನ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಬೇಸಿಗೆಯ ಸಂಬಳ ಬರುತ್ತದೋ ಇಲ್ಲವೋ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬುದು ಆಡಳಿತ ಮಂಡಳಿಯ ಮರ್ಜಿ. ಐವತ್ತೈದು ಮಕ್ಕಳ ತರಗತಿಯಲ್ಲಿ ಓದಲು ಕಷ್ಟಪಡುತ್ತಿರುವ ಎಂಟು ಮಕ್ಕಳು ಯಾರೆಂದು ಆಕೆಗೆ ಚೆನ್ನಾಗಿ ಗೊತ್ತಿರುತ್ತದೆ, ಆದರೆ ‘ತರಗತಿ ದೊಡ್ಡದಾಯಿತು’ ಎಂದು ಆಕೆ ಹೇಳಿದರೆ ಅದು ಆಡಳಿತ ಮಂಡಳಿಯ ವಿರುದ್ಧದ ಮಾತಾಗುತ್ತದೆ. ಅದೇ ಮಾತನ್ನು ಪೋಷಕರು ಹೇಳಬಹುದು. ಶಿಕ್ಷಕರ ಸಂಬಳ ತಿಂಗಳ ಮೊದಲ ವಾರದಲ್ಲಿ ಆಗುತ್ತಿದೆಯೇ ಎಂದು ಕೇಳುವ ಪೋಷಕರ ಸಂಘವನ್ನು ನಾನು ಒಂದೋ ಎರಡೋ ನೋಡಿದ್ದೇನೆ. ಅಲ್ಲಿ ಶಿಕ್ಷಕರ ಕೊಠಡಿಯಲ್ಲಿ ಪೋಷಕರಿಗೆ ಸಿಗುತ್ತಿದ್ದ ಬರಮಾಡಿಕೊಳ್ಳುವಿಕೆಯೇ ಬೇರೆ.

ಕಾನೂನು ಕೂಡ ಈ ಸಂಬಂಧವನ್ನು ಶಿಕ್ಷಕರ ಔದಾರ್ಯಕ್ಕೆ ಬಿಟ್ಟಿಲ್ಲ. ಪೋಷಕರೊಡನೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿ ಇವನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ನಮ್ಮಲ್ಲಿ ಅದು ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವ ಸಾಲಾಗಿ ಉಳಿದಿದೆ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ತಂದೆಗೆ ಶಿಕ್ಷಕಿಯ ಮುಂದೆ ಸಿಗುವುದು ಮೂರೋ ನಾಲ್ಕೋ ನಿಮಿಷ, ಅದರಲ್ಲಿ ‘ಗಣಿತದಲ್ಲಿ ಸ್ವಲ್ಪ ಗಮನ ಕೊಡಿ’ ಎಂಬ ಒಂದು ವಾಕ್ಯ. ಗಮನ ಕೊಡುವುದೆಂದರೆ ಏನು ಮಾಡಬೇಕೆಂದು ಕೇಳುವಷ್ಟರಲ್ಲಿ ಹಿಂದಿನವರು ಮುಂದೆ ಬಂದಿರುತ್ತಾರೆ. ತರಗತಿಗೊಂದರಂತೆ ತಿಂಗಳಿಗೊಮ್ಮೆ ಒಂದು ಗಂಟೆಯ ಸಭೆ, ಅಂಕದ ಮಾತಿಲ್ಲದೆ ‘ಈ ತಿಂಗಳು ಭಿನ್ನರಾಶಿ ಕಲಿಸುತ್ತೇವೆ, ಮನೆಯಲ್ಲಿ ರೊಟ್ಟಿ ಮುರಿಯುವಾಗ ಮಗುವನ್ನು ಹೀಗೆ ಕೇಳಿ’ ಎಂದು ಶಿಕ್ಷಕಿ ಹೇಳುವ ಸಭೆ. ಇಂಥದ್ದನ್ನು ಏರ್ಪಡಿಸುವುದು ಸ್ವತಂತ್ರ ಸಂಘವೊಂದು ಮಾಡಬಹುದಾದ ಅತ್ಯಂತ ಅಗ್ಗದ, ಅತ್ಯಂತ ಫಲ ಕೊಡುವ ಕೆಲಸ. ಆದ್ದರಿಂದ ನಿಮ್ಮ ಸಂಘದಲ್ಲಿ ಶಿಕ್ಷಕರು ತಾವೇ ಆರಿಸಿ ಕಳಿಸಿದ ಮೂವರಿಗೆ ಜಾಗವಿರಲಿ. ಆಡಳಿತ ಮಂಡಳಿ ಕಳಿಸಿದವರಿಗಲ್ಲ.

ಶುಲ್ಕದ ವಿಷಯವನ್ನು ನೀವು ಪ್ರಸ್ತಾಪಿಸಿಲ್ಲ. ಆದರೆ ನಲವತ್ತು ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅದು ಬಂದಿರಲಿಕ್ಕಿಲ್ಲ ಎಂದರೆ ನಾನು ನಂಬುವುದಿಲ್ಲ. ಕೊರೊನಾ ಕಾಲದಲ್ಲಿ ಕರ್ನಾಟಕದಲ್ಲಿ ಹುಟ್ಟಿದಷ್ಟು ಪೋಷಕರ ಸಂಘಗಳು ಅದಕ್ಕೂ ಮೊದಲು ಹುಟ್ಟಿರಲಿಲ್ಲ. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದಲ್ಲಿ ಶೇ. 30ರಷ್ಟು ಕಡಿತ ಮಾಡಿ ಆದೇಶಿಸಿತು; ಶಾಲೆಗಳು ಹೈಕೋರ್ಟಿಗೆ ಹೋದವು. ಅದೇ ವರ್ಷ ಮೇ ತಿಂಗಳಲ್ಲಿ ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ. 15ರ ಕಡಿತ ಸಾಕೆಂದಿತು, ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟೂ ಅದೇ ಪ್ರಮಾಣವನ್ನು ಹಿಡಿಯಿತು. ಆ ಹೋರಾಟ ನ್ಯಾಯದ್ದೇ ಆಗಿತ್ತು. ಆದರೆ ಶುಲ್ಕಕ್ಕಾಗಿ ಹುಟ್ಟಿದ ಗುಂಪುಗಳಲ್ಲಿ ನಾನು ಬಲ್ಲ ಬಹಳಷ್ಟು ಶುಲ್ಕದ ತೀರ್ಮಾನದೊಂದಿಗೇ ಮುಗಿದವು. ಶಾಲೆ ತೆರೆದಾಗ ಎರಡು ವರ್ಷ ಪಾಠವಿಲ್ಲದೆ ಅಕ್ಷರ ಮರೆತು ಬಂದ ಮಕ್ಕಳಿದ್ದರು. ಅವರ ಬಗ್ಗೆ ಶಾಲೆಯೊಡನೆ ಕೂತು ಮಾತಾಡಬೇಕಾದ ಹೊತ್ತಿನಲ್ಲಿ ಗುಂಪುಗಳು ಇರಲಿಲ್ಲ, ಇದ್ದರೂ ಶಾಲೆಯೊಡನೆ ಮಾತು ಬಿಟ್ಟಿದ್ದವು.

ನೆರೆಯ ಮಹಾರಾಷ್ಟ್ರದಲ್ಲಿ ಈ ವಿಷಯಕ್ಕೆ ಬೇರೆಯದೇ ದಾರಿ ಹಿಡಿದಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಮುಂಬಯಿಯ ಕನ್ನಡಿಗ ಪೋಷಕರಿಗೆ ಇದು ಪರಿಚಿತ ಸಂಗತಿ. ಅಲ್ಲಿಯ ಶುಲ್ಕ ನಿಯಂತ್ರಣ ಕಾಯ್ದೆ 2011ರದು. ಅದರ ಪ್ರಕಾರ ಶೈಕ್ಷಣಿಕ ವರ್ಷ ಆರಂಭವಾದ ಮೂವತ್ತು ದಿನದೊಳಗೆ ಪೋಷಕರ ಮತ್ತು ಶಿಕ್ಷಕರ ಸಂಘ ರಚನೆಯಾಗಬೇಕು, ಅದರ ಕಾರ್ಯಕಾರಿ ಸಮಿತಿಗೆ ಬರುವ ಪೋಷಕರನ್ನು ಚೀಟಿ ಎತ್ತಿ ಆರಿಸಬೇಕು, ಆಡಳಿತ ಮಂಡಳಿಯ ಶುಲ್ಕದ ಪ್ರಸ್ತಾವ ಆ ಸಮಿತಿಯ ಮುಂದೆ ಬರಬೇಕು. ಚೀಟಿ ಎತ್ತುವ ಈ ಪದ್ಧತಿ ನನಗೆ ಬಹಳ ಇಷ್ಟ. ಚುನಾವಣೆಯೆಂದರೆ ಮಾತುಗಾರರು, ವಕೀಲರು, ಅಂಗಡಿ ಮಾಲೀಕರು ಗೆಲ್ಲುತ್ತಾರೆ. ಚೀಟಿಯಲ್ಲಿ ಆಟೋ ಓಡಿಸುವವರ ಹೆಸರೂ ಬರುತ್ತದೆ, ಸಭೆಯಲ್ಲಿ ಎಂದೂ ಬಾಯಿ ತೆರೆಯದ ತಾಯಿಯ ಹೆಸರೂ ಬರುತ್ತದೆ. ಕಾಯ್ದೆಗೆ ಬಂದ ತಿದ್ದುಪಡಿಯೊಂದು ಮಾತ್ರ, ಶುಲ್ಕದ ವಿರುದ್ಧ ದೂರು ಕೊಡಲು ಶೇ. 25ರಷ್ಟು ಪೋಷಕರು ಒಟ್ಟಾಗಬೇಕೆಂದು ಹೇಳಿ ದಾರಿಯನ್ನು ಕಿರಿದು ಮಾಡಿತು. ನಿಮ್ಮ ಸಂಘಕ್ಕೆ ತರಗತಿಯ ಪ್ರತಿನಿಧಿಗಳನ್ನು ಆರಿಸುವಾಗ ಚೀಟಿಯ ಕ್ರಮವನ್ನು ನೀವೂ ಇಟ್ಟುಕೊಳ್ಳಬಹುದು, ಅದಕ್ಕೆ ಕಾಯ್ದೆ ಬೇಕಾಗಿಲ್ಲ.

ದುಡ್ಡಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ 1897ರಲ್ಲಿ ತಾಯಂದಿರ ಕಾಂಗ್ರೆಸ್ ಆಗಿ ಆರಂಭವಾದ ರಾಷ್ಟ್ರೀಯ ಪೋಷಕ ಶಿಕ್ಷಕ ಸಂಘವಿದೆ, ಅದರ ಜೊತೆಗೆ ಅದಕ್ಕೆ ಸೇರದೆ ಶಾಲೆಯ ಮಟ್ಟದಲ್ಲೇ ಸ್ವತಂತ್ರವಾಗಿ ನಡೆಯುವ ಸಂಘಗಳೂ ಬೇಕಾದಷ್ಟಿವೆ; ಅಲ್ಲಿರುವ ನಮ್ಮ ಕನ್ನಡದ ಕುಟುಂಬಗಳವರೂ ಶಾಲೆಯ ಜಾತ್ರೆಯಂಥ ಕಾರ್ಯಕ್ರಮಗಳಲ್ಲಿ ಅಂಗಡಿ ಹಾಕಿ ಹಣ ಕೂಡಿಸಿಕೊಡುತ್ತಾರೆ. ಹಣ ಕೂಡಿಸುವುದೇ ಸಂಘದ ಮುಖ್ಯ ಕೆಲಸವಾದಾಗ ಉಳ್ಳವರ ಬಡಾವಣೆಯ ಶಾಲೆ ಇನ್ನಷ್ಟು ಉಳ್ಳದ್ದಾಗುತ್ತದೆ ಎಂಬ ಟೀಕೆ ಅಲ್ಲೇ ಇದೆ. ನಮ್ಮಲ್ಲಿ ತೊಂದರೆ ಇನ್ನೂ ಸರಳ: ನಲವತ್ತು ಮನೆಯಿಂದ ಐನೂರರಂತೆ ಕೂಡಿಸಿದ ದಿನದಿಂದ ಸಂಘದ ಸಭೆಗಳೆಲ್ಲ ಆ ಇಪ್ಪತ್ತು ಸಾವಿರದ ಸುತ್ತ ತಿರುಗುತ್ತವೆ. ಮೊದಲ ವರ್ಷ ಚಂದಾ ಎತ್ತಬೇಡಿ. ಫೋಟೊಕಾಪಿಗೆ, ಚಹಾಕ್ಕೆ ಕೈಯಿಂದ ಹಾಕಿಕೊಳ್ಳಿ.

ನೋಂದಣಿಗೂ ಅವಸರ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಆದರೆ ಆಮೇಲೆ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪತ್ರ ಮತ್ತು ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಒಂದು ವರ್ಷ ನಿಯಮಿತವಾಗಿ ಸೇರಿದ ಗುಂಪಿಗೆ ಅದು ಹೊರೆಯಲ್ಲ. ಇನ್ನೂ ಎರಡು ಸಭೆ ನಡೆಸದ ಗುಂಪಿಗೆ ಅದೇ ಮುಳುವಾಗುತ್ತದೆ. ನ್ಯಾಯಾಲಯಕ್ಕೋ ಬ್ಯಾಂಕಿಗೋ ಹೋಗಬೇಕಾದ ದಿನ ನೋಂದಣಿಯ ಯೋಚನೆ ಮಾಡಿದರಾಯಿತು.

ಈಗ ನಿಮ್ಮ ಯಜಮಾನರ ಭಯ. ಅದನ್ನು ತಳ್ಳಿಹಾಕುವುದು ಸರಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಖಾಸಗಿ ಶಾಲೆಗೂ ಅದು ಅನ್ವಯಿಸುತ್ತದೆ ಎಂದು ನಾನು ಇಲ್ಲಿ ಬರೆಯುವುದು ಸುಲಭ. ಆದರೆ ವಾರ್ಷಿಕೋತ್ಸವದ ನೃತ್ಯದಿಂದ ಒಂದು ಮಗುವನ್ನು ಕೈಬಿಟ್ಟರೆ ಅದನ್ನು ಯಾವ ಕಲಮಿನಡಿ ಸಾಬೀತು ಮಾಡುತ್ತೀರಿ? ರಕ್ಷಣೆ ಇರುವುದು ಸಂಖ್ಯೆಯಲ್ಲಿ ಮತ್ತು ಬರೆಯುವ ರೀತಿಯಲ್ಲಿ. ಪತ್ರಕ್ಕೆ ಒಬ್ಬರೇ ಸಹಿ ಹಾಕಬೇಡಿ. ಪ್ರತಿ ತರಗತಿಯಿಂದ ಕನಿಷ್ಠ ಇಬ್ಬರಾದರೂ ಇರಲಿ, ಹೆಸರುಗಳು ಅಕಾರಾದಿಯಲ್ಲಿರಲಿ. ಶಾಲೆಯೊಡನೆ ಮಾತಾಡಲು ಹೋಗುವವರು ಪ್ರತಿ ಸಲ ಬದಲಾಗಲಿ. ಪತ್ರದಲ್ಲಿ ಯಾವ ಮಗುವಿನ ಹೆಸರೂ ಯಾವ ಶಿಕ್ಷಕರ ಹೆಸರೂ ಇರಕೂಡದು. ‘ನಮ್ಮ ಮಗನಿಗೆ ಅನ್ಯಾಯವಾಗಿದೆ’ ಎಂಬ ಮಾತಿಗೆ ಶಾಲೆ ಒಂದು ಮಗುವನ್ನು ಹುಡುಕುತ್ತದೆ. ‘ಐದನೆಯ ತರಗತಿಯ ಮಕ್ಕಳಿಗೆ ಮಧ್ಯಾಹ್ನದ ಬಿಡುವು ಇಪ್ಪತ್ತೇ ನಿಮಿಷವಿದೆ, ಊಟ ಮುಗಿಯುವುದಿಲ್ಲ’ ಎಂಬ ಮಾತಿಗೆ ಗಡಿಯಾರ ನೋಡಬೇಕಾಗುತ್ತದೆ.

ವಾಟ್ಸಾಪ್ ಗುಂಪಿನ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಶಿಕ್ಷಕರ ಧ್ವನಿಯ ರೆಕಾರ್ಡಿಂಗ್, ಬೇರೆ ಮಗುವಿನ ಫೋಟೊ, ಯಾರ ಮಗು ಯಾರನ್ನು ಹೊಡೆಯಿತೆಂಬ ಸುದ್ದಿ ಒಂದು ರಾತ್ರಿಯಲ್ಲಿ ಸಂಘವನ್ನು ಮುಗಿಸಬಲ್ಲವು. ಅದರಲ್ಲೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಅದು ಸಂಘದ ಸಭೆಯಲ್ಲಿ ಚರ್ಚಿಸುವ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮಗುವಿನ ಗುರುತು ಹೊರಗೆ ಬರಕೂಡದು. ಶಾಲೆಯ ಮಾನ ಉಳಿಸಲೆಂದು ಸಂಘದವರು ಮಧ್ಯಸ್ಥಿಕೆಗೆ ಕೂತ ಪ್ರಸಂಗವನ್ನು ನಾನು ಕಂಡಿದ್ದೇನೆ, ಅದು ಅಪರಾಧ. ಮಕ್ಕಳ ಸಹಾಯವಾಣಿ 1098 ಎಲ್ಲ ಪೋಷಕರ ಫೋನಿನಲ್ಲಿರಲಿ. ಉಳಿದ ವಿಷಯಗಳಲ್ಲಿ ಶಾಲೆ ಪತ್ರಕ್ಕೆ ಉತ್ತರವನ್ನೇ ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ), ನಂತರ ಉಪನಿರ್ದೇಶಕರು, ಮಕ್ಕಳ ಹಕ್ಕಿನ ಉಲ್ಲಂಘನೆಯಾದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಈ ಕ್ರಮದಲ್ಲಿ ಹೋಗಿ. ಮೊದಲ ಪತ್ರದ ಪ್ರತಿಯನ್ನೇ ಬಿಇಒ ಕಚೇರಿಗೆ ಕಳಿಸುವುದು ಬೇಡ; ಮುಖ್ಯೋಪಾಧ್ಯಾಯರಿಗೆ ಉತ್ತರಿಸುವ ಅವಕಾಶವನ್ನೇ ಕೊಡದೆ ಮೇಲಕ್ಕೆ ಹೋದರೆ ಅವರು ನಿಮ್ಮವರಾಗುವ ಸಾಧ್ಯತೆ ಅಲ್ಲಿಗೆ ಮುಗಿಯಿತು.

ನಿಮ್ಮ ಮುಖ್ಯೋಪಾಧ್ಯಾಯರು ಕೇಳಿದ ‘ಇನ್ನೊಂದು ಯಾಕೆ’ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ ಎಂದೂ ಹೇಳಬೇಕು. ಒಂದೇ ಶಾಲೆಯಲ್ಲಿ ಎರಡು ಸಂಘಗಳಾದರೆ ಪೋಷಕರು ಇಬ್ಭಾಗವಾಗುತ್ತಾರೆ, ಆಡಳಿತ ಮಂಡಳಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಆದ್ದರಿಂದ ಹೊಸ ಸಂಘ ಕಟ್ಟುವ ಮೊದಲು ಹಳೆಯದನ್ನೇ ಪೋಷಕರದನ್ನಾಗಿ ಮಾಡಿಕೊಳ್ಳಲು ಒಂದು ವರ್ಷ ಪ್ರಯತ್ನಿಸಿ. ಬರುವ ಸಭೆಯ ನೋಟಿಸ್ ಬಂದ ಕೂಡಲೇ, ಹಿಂದಿನ ಮೂರು ಸಭೆಗಳ ನಡಾವಳಿಯ ಪ್ರತಿಯನ್ನು ಎಲ್ಲ ಪೋಷಕರಿಗೂ ಕೊಡಬೇಕೆಂದು, ತರಗತಿಗೊಬ್ಬ ಪ್ರತಿನಿಧಿಯನ್ನು ಚೀಟಿಯ ಮೂಲಕ ಆರಿಸುವ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು, ಶಿಕ್ಷಕರ ಮೂವರು ಪ್ರತಿನಿಧಿಗಳನ್ನು ಶಿಕ್ಷಕರೇ ಆರಿಸಬೇಕೆಂದು ಕೋರಿ, ನಲವತ್ತು ಮಂದಿಯೂ ಸಹಿ ಮಾಡಿ ಒಂದು ಪುಟದ ಪತ್ರ ಕೊಡಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಒಪ್ಪಿದರೆ ನಿಮಗೆ ಬೇಕಾದ ಸಂಘ ಸಿಕ್ಕಿತು. ಒಪ್ಪದಿದ್ದರೆ, ಅಥವಾ ಆ ಪತ್ರವನ್ನು ನಡಾವಳಿಯಲ್ಲಿ ದಾಖಲಿಸಲು ಒಲ್ಲೆವೆಂದರೆ, ‘ಇನ್ನೊಂದು ಯಾಕೆ’ ಎಂಬುದಕ್ಕೆ ಉತ್ತರವಾಗಿ ಮೊಹರು ಬಿದ್ದ ಆ ಪ್ರತಿಯನ್ನೇ ತೋರಿಸಿ, ನಿಮ್ಮದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡು, ಮೊದಲ ಸಭೆಯ ದಿನಾಂಕ ಬರೆಯಿರಿ.